ಹವಾಯಿ ಚಪ್ಪಲಿಯ ಮಂಜಿ

ಬಲಗಾಲು ಮೊಣಕಾಲಿನವರೆಗೆ ಹೂತುಹೋಗಿದೆ. ಎಳೆದರೆ ಕೆಸರು ಇನ್ನಷ್ಟು ಬಿಗಿಯುತ್ತದೆ. ಉಸಿರು ಹಿಡಿದು, ಹಿಮ್ಮಡಿಯನ್ನು ಮೆಲ್ಲಗೆ ಆಚೀಚೆ ತಿರುಗಿಸಿ, ಒಳಗೆ ಒಂದಿಷ್ಟು ಗಾಳಿ ಹೋಗಲು ಬಿಟ್ಟ ಮೇಲೆ ಪಚಕ್ಕೆಂದು ಬಿಡುತ್ತದೆ. ಕಾಲಿಗಿಂತ ಮೊದಲು ಮೇಲೆ ಬರುವುದು ವಾಸನೆ: ಕೊಳೆತ ಮೊಟ್ಟೆಯದು, ಎಲೆ ಕೊಳೆತು ಕಪ್ಪಾದದ್ದು, ಉಪ್ಪಿನದು. ಕುಂದಾಪುರ, ಕುಮಟೆಯ ಕಡೆ ಕಾಂಡ್ಲ ಎನ್ನುವ ಮ್ಯಾಂಗ್ರೋವ್ ಗಿಡಗಳ ನಡುವೆ ಏಡಿ ಹಿಡಿದವರ ಮೂಗಿಗೆ ಇದು ಹೊಸದಲ್ಲ. ಇಲ್ಲಿ ನಿಮ್ಮ ಸುತ್ತ ಇರುವುದೂ ಕಾಂಡ್ಲವೇ. ಆದರೆ ನೀವಿರುವುದು ಕಡಲಿನ ಆಚೆ ಮಗ್ಗುಲಲ್ಲಿ, ಸಮಭಾಜಕ ರೇಖೆಯ ತುಸು ಕೆಳಗೆ, ಕೀನ್ಯಾದ ಲಾಮು ದ್ವೀಪದಲ್ಲಿ. ಇಸವಿ 2018.

ಬರಿಗಾಲು. ಬೂಟು ತೊಟ್ಟು ಬಂದವರ ಬೂಟನ್ನು ಕೆಸರು ಆಗಲೇ ಇಟ್ಟುಕೊಂಡಿದೆ. ಹಾಗೆಂದು ಬರಿಗಾಲು ಕ್ಷೇಮವೇನಲ್ಲ. ಬೇರುಗಳ ಮೈತುಂಬ ಕಲ್ವದ ಚಿಪ್ಪು ಅಂಟಿದೆ, ಅದರ ಅಂಚು ಬ್ಲೇಡು. ಪಾದ ಇಡುವ ಮೊದಲು ಕೋಲಿನಿಂದ ಮುಟ್ಟಿ ನೋಡಬೇಕು. ಗಟ್ಟಿ ಸಿಕ್ಕರೆ ಬೇರು, ಅಲ್ಲಿ ಇಡಬೇಡಿ. ಮೆತ್ತಗೆ ಸಿಕ್ಕರೆ ಕೆಸರು, ಅಲ್ಲಿ ಇಟ್ಟರೆ ಮುಳುಗುತ್ತೀರಿ. ಎರಡರಲ್ಲಿ ಮುಳುಗುವುದೇ ಮೇಲು.

ನಿಮ್ಮ ಮುಂದೆ ಹತ್ತಡಿ ದೂರದಲ್ಲಿ ಹೋಗುತ್ತಿರುವ ಹೆಂಗಸಿಗೆ ಈ ಲೆಕ್ಕಾಚಾರ ಯಾವುದೂ ಬೇಡ. ವಯಸ್ಸು ಅರವತ್ತು ದಾಟಿದೆ. ಎಲ್ಲರೂ ಆಕೆಯನ್ನು ಬೀಬಿ ಎನ್ನುತ್ತಾರೆ, ನೀವೂ ಎನ್ನುತ್ತೀರಿ. ಕಪ್ಪು ಬಟ್ಟೆಯ ಅಂಚನ್ನು ಮಂಡಿಯ ಮೇಲೆ ಕಟ್ಟಿಕೊಂಡು, ಬೇರಿನ ಕಮಾನುಗಳ ನಡುವೆ ಬಗ್ಗಿ, ಕೈಗೆ ಸಿಕ್ಕಿದ್ದನ್ನು ನೋಡದೆಯೇ ಹಿಂದಕ್ಕೆ ಎಸೆಯುತ್ತಾಳೆ. ಹಿಂದೆ ಬರುವ ಹುಡುಗ ಮೂರು ಗೋಣಿಚೀಲ ಎಳೆದುಕೊಂಡು ಬರುತ್ತಿದ್ದಾನೆ. ಒಂದಕ್ಕೆ ಚಪ್ಪಲಿ. ಇನ್ನೊಂದಕ್ಕೆ ಗಟ್ಟಿ ಪ್ಲಾಸ್ಟಿಕ್ಕು: ಡಬ್ಬಿ, ಮುಚ್ಚಳ, ಎಣ್ಣೆಯ ಕ್ಯಾನು. ಮೂರನೆಯದು ಉಳಿದದ್ದಕ್ಕೆಲ್ಲ.

ಮೂರನೆಯ ಚೀಲ ಎಲ್ಲಕ್ಕಿಂತ ಬೇಗ ತುಂಬುತ್ತಿದೆ. ಅದನ್ನು ಗಮನಿಸಿ.

ನಿಮ್ಮ ಕೈಗೂ ಒಂದು ಚಪ್ಪಲಿ ಸಿಗುತ್ತದೆ. ನಮ್ಮಲ್ಲಿ ಹಿತ್ತಿಲಿಗೆ, ಬಚ್ಚಲಿಗೆ ಹಾಕಿಕೊಳ್ಳುವ ಅದೇ ಹವಾಯಿ ಚಪ್ಪಲಿ. ಎಡಗಾಲಿನದು. ನೀಲಿ ಬಾರಿನ ಒಂದು ಕೊನೆ ಕಿತ್ತುಹೋಗಿದೆ, ಅಲ್ಲಿಗೆ ಯಾರೋ ಪಿನ್ನು ಚುಚ್ಚಿ ಇನ್ನೊಂದಷ್ಟು ದಿನ ನಡೆದಿದ್ದಾರೆ. ಪಿನ್ನಿನ ತುಕ್ಕು ರಬ್ಬರಿನೊಳಗೆ ಇಳಿದು ಕಂದು ವೃತ್ತವಾಗಿದೆ. ಹೆಬ್ಬೆರಳಿನ ಜಾಗ ಗುಳಿ ಬಿದ್ದಿದೆ. ಹಿಮ್ಮಡಿಯ ಹೊರ ಅಂಚು ಸವೆದು ಹಾಳೆಯಾಗಿದೆ, ಅಂದರೆ ತೊಟ್ಟವರು ತುಸು ವಾಲಿಕೊಂಡು ನಡೆಯುತ್ತಿದ್ದರು. ಮಗುಚಿದರೆ ಅಡಿಯಲ್ಲಿ ತಯಾರಾದ ದೇಶದ ಹೆಸರಿರಬೇಕಾದ ಕಡೆ ಉದ್ದ ತೊಟ್ಟಿನ ಚಿಪ್ಪುಜೀವಿಗಳು ಗುಂಪುಕಟ್ಟಿ ಬೇರೂರಿ ಸತ್ತಿವೆ. ತೇಲುವ ವಸ್ತುವಿನ ಮೇಲೆ ನಡುಗಡಲಿನಲ್ಲಿ ಕೂರುವ ಜೀವಿಗಳಿವು. ಲಾಮುವಿನ ಗಲ್ಲಿಯಲ್ಲಿ ಕಿತ್ತುಹೋದ ಚಪ್ಪಲಿ ಅಲ್ಲ ಇದು, ದೂರದಿಂದ ಬಂದದ್ದು. ಸಮಭಾಜಕದ ಕೆಳಗೆ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಕಡಲ ಪ್ರವಾಹ ಇಂಡೋನೇಷ್ಯಾದ ಕಡೆಯದನ್ನೂ ಆಫ್ರಿಕಾಕ್ಕೆ ತಂದು ಹಾಕುತ್ತದೆ. ಬಲಗಾಲಿನ ಜೋಡಿಯನ್ನು ಹುಡುಕಬೇಡಿ. ಎಡದ್ದು ಬಲದ್ದು ಗಾಳಿಗೆ ಒಡ್ಡುವ ಮೈಯೇ ಬೇರೆ, ಹಾಗಾಗಿ ಬೇರೆ ಬೇರೆ ದಡ ಸೇರುತ್ತವೆ ಎಂದು ತೇಲುವ ಸರಕುಗಳ ಬೆನ್ನುಹತ್ತಿದ ಸಮುದ್ರವಿಜ್ಞಾನಿ ಕರ್ಟಿಸ್ ಎಬ್ಸ್‌ಮೇಯರ್ ಹೇಳುತ್ತಿದ್ದರು.

ಚೀಲಕ್ಕೆ ಹಾಕಿ. ಮುಂದೆ ನಡೆಯಿರಿ.

ಆಗ ಕಾಣುತ್ತದೆ ಬಲೆ. ಹಸಿರು ನೈಲಾನು, ನಾಲ್ಕು ಮರಗಳ ಬೇರನ್ನು ಸುತ್ತಿಕೊಂಡು ಬಿದ್ದಿದೆ. ಅರ್ಧ ಕೆಸರಿನೊಳಗೆ, ಅರ್ಧ ಹೊರಗೆ. ಅದರೊಳಗೆ ಒಂದು ಏಡಿ ಇನ್ನೂ ಕೊಂಬು ಆಡಿಸುತ್ತಿದೆ. ನೀವು ಹಿಡಿದು ಎಳೆಯುತ್ತೀರಿ. ಒಂದು ಮೊಳ ಬರುತ್ತದೆ. ಹುಮ್ಮಸ್ಸು ಬರುತ್ತದೆ. ಇನ್ನೊಂದು ಮೊಳ. ಅಂಗೈಯಲ್ಲಿ ದಾರ ಕೊರೆಯುತ್ತದೆ, ಬೆವರು ಕಣ್ಣಿಗಿಳಿದು ಉರಿಯುತ್ತದೆ, ಸೊಳ್ಳೆ ಕಿವಿಯ ಹಿಂದೆ ಕೂತದ್ದು ಗೊತ್ತಾದರೂ ಹೊಡೆಯಲು ಕೈ ಬಿಡುವಿಲ್ಲ. ಚೂರಿ ತೆಗೆದು ಒಂದು ಬೇರಿನ ಸುತ್ತಿನ ಗಂಟನ್ನು ಕೊಯ್ಯುತ್ತೀರಿ. ಎರಡನೆಯದು. ಮೂರನೆಯ ಬೇರಿಗೆ ಕೈ ಹಾಕುವ ಹೊತ್ತಿಗೆ ಮೀನಖಂಡಕ್ಕೆ ಏನೋ ತಣ್ಣಗೆ ತಾಗುತ್ತದೆ.

ನೀರು.

"ಮಗೂ, ಬಾ ಈಚೆ," ಬೀಬಿ ಕೂಗುತ್ತಾಳೆ. ಗಾಬರಿಯಿಲ್ಲದ ದನಿ. ಎರಡನೆಯ ಸಲ ಕೂಗುವಾಗ ಹಾಗಿಲ್ಲ.

ಹುಣ್ಣಿಮೆಯ ಆಚೀಚೆ ದಿನಗಳ ಭರತ. ಈ ತೀರದಲ್ಲಿ ಆಗ ಏರಿಳಿತದ ಅಂತರ ಮೂರು ಮೀಟರು ದಾಟುತ್ತದೆ. ಮೂರು ಮೀಟರು ಎಂದರೆ ನೀವು, ನಿಮ್ಮ ಹೆಗಲ ಮೇಲೆ ಕೂತ ಮಗು, ಆ ಮಗು ಎತ್ತಿದ ಕೈ. ಅಳಿವೆಯ ನೀರು ಅಲೆಯಾಗಿ ಬರುವುದಿಲ್ಲ, ಸದ್ದೂ ಮಾಡುವುದಿಲ್ಲ. ಬೇರಿನ ನಡುವೆ ಒಸರುತ್ತದೆ. ನೀವು ಬಂದ ಹೆಜ್ಜೆಗುಳಿಗಳು ಆಗಲೇ ತುಂಬಿವೆ. ಕೋಲು ಎಲ್ಲಿ? ತೇಲಿಹೋಗಿದೆ. ಬಲೆಯ ಒಂದು ಮಡಿಕೆ ನಿಮ್ಮ ಎಡ ಕಣಕಾಲನ್ನು ಸುತ್ತಿದೆ. ಯಾವಾಗ ಸುತ್ತಿತೋ ಗೊತ್ತಿಲ್ಲ. ಎಳೆಯುತ್ತೀರಿ. ಬಿಗಿಯುತ್ತದೆ. ಬಗ್ಗಿ ಚೂರಿ ಹಾಕಬೇಕು, ಆದರೆ ಬಗ್ಗಿದರೆ ಗಲ್ಲ ನೀರಿಗೆ ತಾಗುತ್ತದೆ. ನೀರು ರಾಡಿ. ಕೊಯ್ಯುತ್ತಿರುವುದು ದಾರವೋ ಚರ್ಮವೋ ಕಾಣಿಸದು. ಕೊಯ್ಯಿರಿ. ದಾರ. ಮತ್ತೆ ದಾರ. ಉರಿ. ಅದು ಚರ್ಮ. ಮತ್ತೆ ದಾರ. ಬಿಟ್ಟಿತು.

ಏಡಿ ಇನ್ನೂ ಒಳಗಿದೆ. ಆ ಒಂದು ಗಂಟನ್ನು ಕೊಯ್ಯಲು ನಾಲ್ಕು ಕ್ಷಣ ಸಾಕು. ನಿಮ್ಮ ಹತ್ತಿರ ನಾಲ್ಕು ಕ್ಷಣ ಇದೆಯೇ ಎಂಬುದು ಮಾತ್ರ ತಿಳಿಯದು. ನೀರು ತೊಡೆಗೆ ಬಂದಿದೆ. ಬೀಬಿ ಒಂದು ಮರದ ಬುಡ ತಬ್ಬಿಕೊಂಡು ಇನ್ನೊಂದು ಕೈ ಚಾಚಿದ್ದಾಳೆ. ನೀವು ಏಡಿಯ ಕಡೆಗೆ ನೋಡದೆ ಆ ಕೈ ಹಿಡಿಯುತ್ತೀರಿ.

ದೋಣಿಯೊಳಗೆ ಬಿದ್ದು ಏದುಸಿರು ಬಿಡುವಾಗ ಯಾರೂ ಏನೂ ಕೇಳುವುದಿಲ್ಲ. ಹುಡುಗ ನಿಂಬೆಹಣ್ಣು ಹಿಂಡಿ ಗಾಯಕ್ಕೆ ಹಚ್ಚುತ್ತಾನೆ. ಜೀವ ಹೋದಷ್ಟು ಉರಿಯುತ್ತದೆ. ಬಲೆ ಅಲ್ಲೇ ಉಳಿಯಿತು. ತಂದಿದ್ದರೂ ಅದಕ್ಕೆ ಮೂರನೆಯ ಚೀಲವೇ ಗತಿ ಎಂದು ಆಮೇಲೆ ತಿಳಿಯುತ್ತದೆ.

ಈ ದ್ವೀಪದಲ್ಲಿ ಕಾರು ಓಡುವುದಿಲ್ಲ. ಹಳೆಯ ಪಟ್ಟಣ 2001ರಿಂದ ಯುನೆಸ್ಕೊ ಪಾರಂಪರಿಕ ತಾಣ. ಹವಳಗಲ್ಲಿನ ಮನೆಗಳ ನಡುವೆ ಎರಡು ಕತ್ತೆ ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟಿನ ಓಣಿ. ಚೀಲಗಳೂ ಕತ್ತೆಯ ಮೇಲೆಯೇ ಹೋಗುತ್ತವೆ. ಹಿಂದಿನ ವರ್ಷ ಆಗಸ್ಟ್ 28ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದೆ. ತಯಾರಿಸಿದರೆ, ಮಾರಿದರೆ ನಾಲ್ಕು ವರ್ಷದವರೆಗೆ ಜೈಲು. ಅಂಗಡಿಯಲ್ಲಿ ಈಗ ಬಟ್ಟೆ ಚೀಲ ಕೊಡುತ್ತಾರೆ. ಕಡಲಿಗೆ ಈ ಕಾನೂನು ತಿಳಿದಂತಿಲ್ಲ.

ಹಡಗು ಕಟ್ಟುವ ಜಾಗಕ್ಕೆ ಬನ್ನಿ. ಮೊದಲು ಸದ್ದು ಕೇಳುತ್ತದೆ, ಬಾಚಿಯ ಸದ್ದು. ಆದರೆ ಮರದ ಮೇಲೆ ಬೀಳುವ ಟಣ್ ಇಲ್ಲ, ಮಂದವಾದ ಥಪ್. ಬಡಗಿಗಳ ಕಾಲಬಳಿ ಬಿದ್ದ ಸಿಪ್ಪೆಯಲ್ಲಿ ನಾರಿಲ್ಲ, ತೆಂಗಿನಕಾಯಿ ತುರಿಯ ಹಾಗೆ ಸುರುಳಿ ಸುರುಳಿ, ಬೂದು ನೀಲಿ ಬಣ್ಣದ್ದು. ಮೂಸಿ ನೋಡಿ: ಮರದ ಘಮ ಇಲ್ಲ, ಬಿಸಿಲಿಗಿಟ್ಟ ಬಕೆಟ್ಟಿನ ವಾಸನೆ.

ಇಲ್ಲಿ ಕಟ್ಟುತ್ತಿರುವುದು ಢೌ. ನಮ್ಮ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಯ ದಾಯಾದಿ ಎನ್ನಬಹುದು. ಉದ್ದ ಒಂಬತ್ತು ಮೀಟರು. ಅಡಿತೊಲೆ, ಪಕ್ಕೆಲುಬು, ಹಲಗೆ ಎಲ್ಲವೂ ದಡದಲ್ಲಿ, ಬೀದಿಯಲ್ಲಿ ಆಯ್ದ ಪ್ಲಾಸ್ಟಿಕ್ಕು. ಪುಡಿಮಾಡಿ, ಕರಗಿಸಿ, ಅಚ್ಚಿನಲ್ಲಿ ತೆಗೆದದ್ದು. ಒಟ್ಟು ಹತ್ತು ಟನ್. ಹೆಸರು ಫ್ಲಿಪ್‌ಫ್ಲಾಪಿ. ಬೆನ್ ಮಾರಿಸನ್ ಎಂಬವರಿಗೆ 2016ರಲ್ಲಿ ಹೊಳೆದ ಯೋಚನೆ ಇದು. ಯೋಚನೆ ಹೊಳೆಯುವುದು ಸುಲಭ, ಅದನ್ನು ನೀರಿಗಿಳಿಯುವ ಆಕಾರಕ್ಕೆ ತಂದವರು ಲಾಮುವಿನ ಹಡಗು ಕಟ್ಟುವ ಮನೆತನದ ಅಲಿ ಸ್ಕಾಂಡ ಮತ್ತವರ ಬಡಗಿಗಳು. ಕಾಗದದ ಮೇಲಿನ ಯಾವ ನಕ್ಷೆಯೂ ಇಲ್ಲಿನ ಢೌಗಳಿಗೆ ಹಿಂದೆಂದೂ ಬೇಕಾಗಿರಲಿಲ್ಲ. ಕೈಗೆ ಗೊತ್ತಿತ್ತು. ಈ ಸಾಮಗ್ರಿ ಮಾತ್ರ ಕೈಗೆ ಗೊತ್ತಿಲ್ಲ.

ಹಲಗೆ ಮುಟ್ಟಿ. ಬಿಸಿಲಿಗೆ ಬಿದ್ದ ಭಾಗ ಸುಡುತ್ತದೆ, ಅದುಮಿದರೆ ಬಳುಕುತ್ತದೆ. ಪ್ಲಾಸ್ಟಿಕ್ಕು ಬಿಸಿಲಿಗೆ ಮರಕ್ಕಿಂತ ಎಷ್ಟೋ ಪಟ್ಟು ಹಿಗ್ಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಬಿಗಿಯಾಗಿ ಕೂತ ಜೋಡಣೆ ಮಧ್ಯಾಹ್ನಕ್ಕೆ ಉಬ್ಬುತ್ತದೆ. ಮಧ್ಯಾಹ್ನ ಕೂರಿಸಿದ್ದು ಇರುಳಿಗೆ ಬಾಯಿಬಿಡುತ್ತದೆ. ಹಾಗಾದರೆ ಮೊಳೆ ಹೊಡೆಯುವುದು ಯಾವಾಗ? ಹಿರಿಯ ಬಡಗಿ ಬೈರಿಗೆಯನ್ನು ಹಲಗೆಯ ಮೇಲಿಟ್ಟು, ಒತ್ತದೆ, ನೆರಳು ಎಲ್ಲಿದೆ ಎಂದು ನೋಡುತ್ತಾರೆ. ಮರವಾಗಿದ್ದರೆ ಇಷ್ಟು ಹೊತ್ತು ಯೋಚಿಸುತ್ತಿರಲಿಲ್ಲ. ತಪ್ಪಾದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಆದರೆ ಅದು ಗೊತ್ತಾಗುವುದು ದಡದಲ್ಲಲ್ಲ.

ಇನ್ನೊಂದು ಮಗ್ಗುಲಲ್ಲಿ ಚಪ್ಪಲಿಗಳು. ಬೀಬಿಯ ಚೀಲ ಇಲ್ಲಿಗೇ ಬಂದಿದೆ. ತೊಟ್ಟಿಯಲ್ಲಿ ನೆನೆಸಿ, ತಿಕ್ಕಿ, ಚಿಪ್ಪು ಕೆರೆದು, ಬಿಸಿಲಿಗೆ ಹರವಿದ್ದಾರೆ. ಹಡಗಿನ ಹೊರಮೈಗೆಲ್ಲ ಇವುಗಳದೇ ಹೊದಿಕೆ, ಸುಮಾರು ಮೂವತ್ತು ಸಾವಿರ ಚಪ್ಪಲಿ. ನಿಮ್ಮ ಕೈಗೆ ಚೂರಿ ಕೊಟ್ಟು ಬಣ್ಣದ ಪ್ರಕಾರ ಆರಿಸಿ ಕೊಯ್ಯಲು ಕೂರಿಸುತ್ತಾರೆ.

ಕೂತು ಆರಿಸಿ ನೋಡಿ, ಏನಾಗುತ್ತದೆಂದು. ಹಳದಿ ಸಿಕ್ಕಾಗ ಮನಸ್ಸು ಹಿಗ್ಗುತ್ತದೆ. ಗುಲಾಬಿ ಸಿಕ್ಕರೆ ಪಕ್ಕದವರಿಗೆ ತೋರಿಸುತ್ತೀರಿ. ನೀಲಿಯಲ್ಲಿ ಎಷ್ಟೊಂದು ನೀಲಿ! ಅರ್ಧ ಗಂಟೆಯಲ್ಲಿ ನೀವು ಕಸ ಆಯುತ್ತಿಲ್ಲ, ಬಣ್ಣ ಆಯುತ್ತಿದ್ದೀರಿ. ಮಾಸಿದ ಕಪ್ಪು, ಪುಡಿ ಉದುರುವ ಕಂದು, ಡಾಂಬರು ಮೆತ್ತಿದ್ದು, ಇವನ್ನು ಕೈ ತಾನಾಗಿಯೇ ಪಕ್ಕಕ್ಕೆ ತಳ್ಳುತ್ತದೆ. ಕೊನೆಗೆ ಪಿನ್ನಿನ ತುಕ್ಕು ಇಳಿದ ಎಡಗಾಲಿನ ಚಪ್ಪಲಿ ಬರುತ್ತದೆ. ಬಣ್ಣ ಪರವಾಗಿಲ್ಲ, ಆದರೆ ಹಿಮ್ಮಡಿ ಸವೆದಿದೆ, ಸಮತಟ್ಟಾಗಿ ಕೂರುವುದಿಲ್ಲ. ಚೂರಿ ಹಿಡಿದ ಕೈ ಗಾಳಿಯಲ್ಲಿ ನಿಲ್ಲುತ್ತದೆ. ಮುಂಭಾಗ ಕೊಯ್ದು ಇಟ್ಟುಕೊಂಡು, ಯಾರೋ ವಾಲಿ ನಡೆದ ಆ ಹಿಮ್ಮಡಿಯನ್ನು ಎಸೆಯುತ್ತೀರಿ.

ಕಸದಿಂದ ಕಲೆ ಮಾಡುವವರ ಬಗ್ಗೆ ಬರೆಯುವವರೆಲ್ಲ ಇಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂಬುದು ನನ್ನ ತಕರಾರು. ಕಲೆಗೆ ಎಲ್ಲ ಕಸವೂ ಬೇಡ. ಇದೇ ಕೀನ್ಯಾದ ಕರಾವಳಿಯ ಉತ್ತರ ತುದಿಯ ಕಿಯುಂಗಾದಲ್ಲಿ 1990ರ ದಶಕದಲ್ಲಿ ಮಕ್ಕಳು ದಡಕ್ಕೆ ಬಂದ ಚಪ್ಪಲಿಯಲ್ಲಿ ಆಟಿಕೆ ಮಾಡಿಕೊಳ್ಳುವುದನ್ನು ಜೂಲಿ ಚರ್ಚ್ ಕಂಡದ್ದರಿಂದ ಹುಟ್ಟಿದ ಓಷನ್ ಸೋಲ್ ಸಂಸ್ಥೆ ಈಗ ನೈರೋಬಿಯಲ್ಲಿ ಚಪ್ಪಲಿ ಅಂಟಿಸಿ ಕೆತ್ತಿ ಆನೆ, ಜಿರಾಫೆ ಮಾಡುತ್ತದೆ. ಚಂದ ಇದೆ, ಹಲವರಿಗೆ ಕೆಲಸ ಸಿಕ್ಕಿದೆ. ಆದರೆ ಸೇಷಲ್ಸ್‌ನ ಆಲ್ಡಾಬ್ರಾ ಹವಳದ್ವೀಪವನ್ನು 2019ರಲ್ಲಿ ಗುಡಿಸಿದವರ ಲೆಕ್ಕ ನೋಡಿ. 25 ಟನ್ ಹೊರತಂದರು, ಇನ್ನೂ ಸುಮಾರು 500 ಟನ್ ಉಳಿದಿದೆಯೆಂದು ಅಂದಾಜು ಮಾಡಿದರು. ಅದರಲ್ಲಿ ಚಪ್ಪಲಿಯೇ 3,60,000. ಎಣಿಸಿದರೆ ಚಪ್ಪಲಿ ಎದ್ದು ಕಾಣುತ್ತದೆ. ತಕ್ಕಡಿಗೆ ಹಾಕಿದರೆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಬಲೆ, ಹಗ್ಗ, ಮೀನುಗಾರಿಕೆಯ ಸರಂಜಾಮು. ಚಪ್ಪಲಿ ಆನೆಯಾಗುತ್ತದೆ. ಬಲೆ ಕಾಂಡ್ಲದ ಬುಡದಲ್ಲೇ ಇರುತ್ತದೆ.

ಹಾಗಿದ್ದರೂ ಚೂರಿ ಕೆಳಗಿಡಬೇಡಿ. ಸಂಜೆಯ ಹೊತ್ತಿಗೆ ತುಂಡುಗಳ ರಾಶಿ ನಿಮ್ಮ ಮಂಡಿಯೆತ್ತರ ಬಂದಿರುತ್ತದೆ, ತೋರುಬೆರಳಿನಲ್ಲಿ ಬೊಬ್ಬೆ ಎದ್ದಿರುತ್ತದೆ, ಶಾಲೆ ಬಿಟ್ಟ ಮಕ್ಕಳು ಬೇಲಿಯಾಚೆ ನಿಂತು ಇದು ನನ್ನದು, ಅದು ನಿನ್ನದು ಎಂದು ಬಣ್ಣ ಹಂಚಿಕೊಳ್ಳುತ್ತಿರುತ್ತಾರೆ.

ಸೆಪ್ಟೆಂಬರ್ 15. ಜಗತ್ತಿನ ಎಷ್ಟೋ ಊರುಗಳಲ್ಲಿ ಜನ ಕಸ ಹೆಕ್ಕಲು ಹೊರಟ ದಿನ. ಲಾಮುವಿನಲ್ಲಿ ಹಡಗನ್ನು ನೀರಿಗಿಳಿಸಲು ದಡವೆಲ್ಲ ಜನ. ಹಗ್ಗ ನಿಮ್ಮ ಕೈಗೂ ಬಂದಿದೆ, ಮುಂದಿನವನ ಬೆನ್ನು ನಿಮ್ಮ ಎದೆಗೆ ತಾಗಿದೆ. ಹಾಡಿನ ಲಯಕ್ಕೆ ಎಳೆತ. ತಲೆಯಲ್ಲಿ ಒಂದೇ ಲೆಕ್ಕ ಕೊರೆಯುತ್ತದೆ: ಈ ಬಗೆಯ ಪ್ಲಾಸ್ಟಿಕ್ಕು ನೀರಿಗಿಂತ ಹಗುರ ನಿಜ, ಆದರೆ ನೂರಕ್ಕೆ ಐದು ಪಾಲು ಮಾತ್ರ. ಮರದ ಹಡಗಿನಲ್ಲಿ ನೀರು ತುಂಬಿದರೂ ಅದು ಒಂದಿಷ್ಟು ಮೇಲೆ ತೇಲುತ್ತದೆ. ಇದು? ಎಳೆ. ಮರಳು ಕರಕರ ಎನ್ನುತ್ತದೆ. ಎಳೆ. ಮುಂಭಾಗ ನೀರಿಗಿಳಿಯಿತು. ಎಳೆ! ಹಗ್ಗ ಒಮ್ಮೆಲೇ ಹಗುರಾಗಿ ಸಾಲಿನಲ್ಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತೀರಿ. ಬಾಯೊಳಗೆ ಉಪ್ಪು, ಮರಳು. ತಲೆ ಎತ್ತಿದರೆ ಕಡಲಿನ ಮೇಲೆ ಹಳದಿ, ಗುಲಾಬಿ, ನೀಲಿ. ಅದು ನಿಂತಿದೆ, ನೆಟ್ಟಗೆ.

ಹೊರಡುವುದಕ್ಕೆ ಜನವರಿಯವರೆಗೆ ಕಾಯಬೇಕು. ಈಶಾನ್ಯದಿಂದ ಬೀಸುವ ಕಸ್ಕಾಜಿ ಗಾಳಿ ಬೇಕು. ನಮ್ಮ ಕರಾವಳಿಯಲ್ಲಿ ಮಳೆ ಮುಗಿದು ಬೆಳಗಿನ ಹೊತ್ತು ಚಳಿ ಬೀಳುವ ತಿಂಗಳುಗಳಲ್ಲಿ ಬೀಸುವುದೂ ಇದೇ ಮಾರುತ. ಇದನ್ನು ನಂಬಿಯೇ ಅರಬರೂ ಗುಜರಾತಿನವರೂ ಶತಮಾನಗಳ ಕಾಲ ಈ ದಡಕ್ಕೆ ಇಳಿದು ಬಂದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಸುಡಲು ಶುರುಮಾಡಿದ ಹಂಚೂ ಮುಂದೆ ಪೂರ್ವ ಆಫ್ರಿಕಾದ ಬಂದರುಗಳನ್ನು ಸೇರಿತು. ಈಗ ಹೊರಟಿರುವುದು ಜಾಂಜಿಬಾರಿಗೆ, 500 ಕಿಲೊಮೀಟರು. ದಾರಿಯುದ್ದಕ್ಕೂ ನಿಲ್ಲುವುದು, ಜನರನ್ನು ಸೇರಿಸುವುದು, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಮಾತಾಡುವುದು.

ಶೇಲಾ ಹಳ್ಳಿಯನ್ನು ದಾಟುವವರೆಗೆ ಎಲ್ಲ ಸಲೀಸು. ದ್ವೀಪಗಳ ನಡುವಿನ ಕಾಲುವೆ ಮುಗಿದು ಬಯಲು ಕಡಲು ಎದುರಾಗುವ ಬಾಯಿಯಲ್ಲಿ ನೀರಿನಡಿ ಮರಳ ದಿಬ್ಬವಿದೆ. ಅಲೆ ಅಲ್ಲಿ ಎಡವಿ ಎದ್ದುನಿಲ್ಲುತ್ತದೆ. ಮೊದಲನೆಯದು ಹಡಗಿನ ಮೂತಿ ಎತ್ತುತ್ತದೆ, ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬರುತ್ತದೆ. ಧೊಪ್ಪೆಂದು ಇಳಿಯುತ್ತದೆ. ನಿಮ್ಮ ಬೆನ್ನು ಹಲಗೆಗೆ ಒರಗಿದೆ, ಅದು ನಡುಗುವುದು ಬೆನ್ನುಮೂಳೆಗೆ ಗೊತ್ತಾಗುತ್ತದೆ. ಎರಡನೆಯದು ದೊಡ್ಡದು. ನೀರು ಅಂಚು ಹತ್ತಿ ಒಳಗೆ ಸುರಿಯುತ್ತದೆ. ಚುಕ್ಕಾಣಿ ಹಿಡಿದವ ಏನೋ ಕೂಗುತ್ತಾನೆ. ಮೊಗೆಯುವ ಡಬ್ಬಿ ಕೈಗೆ ಬರುತ್ತದೆ. ಮೊಗೆಯಿರಿ. ಪಾದದಡಿ ಹಲಗೆಗಳ ಸಂದು. ಅಲ್ಲಿ ತಣ್ಣಗೆ ಏನೋ ಒಸರಿತೇ? ಮೇಲಿನ ನೀರೋ ಕೆಳಗಿನ ನೀರೋ? ಕಾಂಡ್ಲದಲ್ಲಿ ಮೀನಖಂಡಕ್ಕೆ ತಾಗಿದ್ದು ನೆನಪಾಗಿ ಕೈಕಾಲು ತಣ್ಣಗಾಗುತ್ತದೆ. ಮೊಗೆಯಿರಿ. ಮೂರನೆಯ ಅಲೆ. ಹಿರಿಯ ಬಡಗಿ ಮಂಡಿಯೂರಿ, ಒದ್ದೆ ಹತ್ತಿಯ ಎಳೆ ತುಂಬಿದ ಆ ಸಂದಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದಾರೆ. ಪ್ರಾರ್ಥನೆಯಲ್ಲ, ಪರೀಕ್ಷೆ. ನಾಲ್ಕನೆಯದು. ಕೈ ತೆಗೆದು ನೋಡಿ, ಲುಂಗಿಗೆ ಒರೆಸಿಕೊಂಡು, ಮತ್ತೆ ಇಡುತ್ತಾರೆ. "ಮೇಲಿನದು," ಎನ್ನುತ್ತಾರೆ. ಅಷ್ಟೇ.

ದಿಬ್ಬ ಹಿಂದೆ ಬಿತ್ತು. ಹಾಯಿ ತುಂಬಿಕೊಂಡಿತು. ನೀವು ಅಂಚಿಗೆ ಬಾಗಿ ವಾಂತಿ ಮಾಡಿಕೊಳ್ಳುತ್ತೀರಿ, ಮೂವತ್ತು ಸಾವಿರ ಚಪ್ಪಲಿಗಳ ಮೇಲೆ.

ಕಿಲಿಫಿಯ ಹಿನ್ನೀರಿನಲ್ಲಿ ಲಂಗರು ಹಾಕಿದ್ದೇ ತಡ, ದಡದಲ್ಲಿ ಮಕ್ಕಳ ಕೂಗು, ಕ್ಯಾಮೆರಾ, ಭಾಷಣ. ಆ ಗದ್ದಲದ ಇನ್ನೊಂದು ಮಗ್ಗುಲಿನಿಂದ ಮರ ಕೊರೆದು ಮಾಡಿದ ಪಾತಿದೋಣಿಯಲ್ಲಿ ಒಬ್ಬ ಮೀನುಗಾರ ಹುಟ್ಟು ಹಾಕುತ್ತ ಬರುತ್ತಾನೆ. ಬಣ್ಣದ ಕಡೆ ಅವನ ಕಣ್ಣಿಲ್ಲ. ಬೆರಳ ಗೆಣ್ಣಿನಿಂದ ಹಡಗಿನ ಮೈಗೆ ತಟ್ಟುತ್ತಾನೆ. ಇನ್ನೊಂದು ಕಡೆ ತಟ್ಟುತ್ತಾನೆ.

"ಹುಳ ಹಿಡಿಯುತ್ತದೆಯೇ ಯಜಮಾನರೆ?"

"ಯಾವ ಹುಳ ತಿನ್ನುತ್ತದೆ ಇದನ್ನು?" ಎನ್ನುತ್ತಾರೆ ಬಡಗಿ.

ಮೀನುಗಾರ ಯೋಚಿಸುತ್ತಾನೆ. ಕಡಲಹುಳ ಕೊರೆದು ಅವನ ದೋಣಿಯ ಅಡಿ ಜರಡಿಯಾಗಿದೆ, ನೀವಿರುವಲ್ಲಿಂದಲೇ ಕಾಣುತ್ತದೆ. ಹೊಸದು ಮಾಡಿಸೋಣವೆಂದರೆ 2018ರ ಫೆಬ್ರವರಿಯಿಂದ ಸರ್ಕಾರಿ ಕಾಡುಗಳಲ್ಲಿ ಮರ ಕಡಿಯುವುದಕ್ಕೆ ತಡೆ ಬಿದ್ದಿದೆ.

"ಬೆಲೆ?"

"ಇದು ಮೊದಲನೆಯದು. ಇದಕ್ಕೆ ಬೆಲೆ ಕಟ್ಟಲಾಗದು."

"ಎರಡನೆಯದಕ್ಕೆ ಹೇಳಿ."

ಬಡಗಿ ನಗುತ್ತಾರೆ, ಉತ್ತರ ಕೊಡುವುದಿಲ್ಲ. ಮೀನುಗಾರ ತನ್ನ ಹಗ್ಗವನ್ನು ಈ ಹಡಗಿಗೆ ಬಿಗಿದು, ಯಾರನ್ನೂ ಕೇಳದೆ ಮೇಲೆ ಹತ್ತುತ್ತಾನೆ. ನಿಮ್ಮನ್ನು ಪಕ್ಕಕ್ಕೆ ಸರಿಸಿ ಬಗ್ಗಿ ಪಕ್ಕೆಲುಬು ಎಣಿಸುತ್ತಾನೆ, ಸಂದಿಗೆ ಉಗುರು ತೂರಿಸುತ್ತಾನೆ, ಮೊಳೆಯ ತಲೆ ಸವರುತ್ತಾನೆ. ಬಿರುಕು ಬಿಟ್ಟರೆ ರಿಪೇರಿ ಯಾರು ಮಾಡುತ್ತಾರೆ? ಬಿಸಿಲಿಗೆ ಎಷ್ಟು ಹಿಗ್ಗುತ್ತದೆ? ಇಬ್ಬರೂ ಈಗ ಕುಕ್ಕುರುಗಾಲಿನಲ್ಲಿ ಕೂತಿದ್ದಾರೆ. ನೀವು ಅಲ್ಲಿರುವುದೇ ಅವರಿಗೆ ನೆನಪಿಲ್ಲ.

"ನಮ್ಮ ಮನೆ ಹಿಂದೆ ಹರಿದ ಬಲೆ ರಾಶಿ ಬಿದ್ದಿದೆ," ಮೀನುಗಾರ ಹೇಳುತ್ತಾನೆ. "ಅದರಲ್ಲಿ ಆಗುವುದಿಲ್ಲವೇ?"

"ನೈಲಾನು. ಕರಗುವ ಶಾಖವೇ ಬೇರೆ. ಇದರ ಜೊತೆ ಕೂಡುವುದಿಲ್ಲ."

"ಕೂಡಿಸಿ ನೋಡಿದ್ದೀರಾ?"

ಬಡಗಿ ಬೈರಿಗೆಯನ್ನು ಬದಿಗಿಟ್ಟು ವಿವರಿಸಲು ತೊಡಗುತ್ತಾರೆ. ಅವನು ಒಪ್ಪುವುದಿಲ್ಲ. ದಡದಲ್ಲಿ ಯಾರೋ ಮೈಕು ಹಿಡಿದು ಇವರನ್ನು ಕರೆಯುತ್ತಿದ್ದಾರೆ, ಇಬ್ಬರಿಗೂ ಕೇಳಿಸುತ್ತಿಲ್ಲ. ಬೆಲೆಯ ಮಾತು ಇನ್ನೂ ಬಾಕಿಯಿದೆ.